ಸಾಬೇಲಳನ್ನು ನಾಲ್ಕು ಸಲ ಕೊಂದ ಮಳೆಗಾಲ

ಮೊನ್ನೆ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ದಾಂಡೇಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಪ್ಲಾಸ್ಟಿಕ್ ಹಾಳೆ ಸುತ್ತಿದ ಗಂಟೊಂದನ್ನು ಕಂಡಕ್ಟರನ ಕೈಗೆ ಕೊಟ್ಟು, "ಮುಂಡಗೋಡದಾಗ ನಮ್ಮ ಅಣ್ಣ ನಿಂತಿರ್ತಾನ, ಕೊಡ್ರಿ" ಅಂದಳು. ಮಳೆ ಆಗಷ್ಟೇ ನಿಂತಿತ್ತು. ಒದ್ದೆ ಪ್ಲಾಸ್ಟಿಕ್ಕು, ಡೀಸೆಲ್ಲು, ನೆನೆದ ಕಾಗದ, ಈ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂರು ವರ್ಷದ ಹಿಂದಿನ ಸಿಟ್ಟೆಲ್ಲ ಮತ್ತೆ ನೆತ್ತಿಗೇರಿತು.

ಆ ಮಳೆಗಾಲದಲ್ಲಿ ನಾವು ಐದು ಜನ ಸೇರಿ ಒಂದು ಕಾದಂಬರಿ ಬರೆದೆವು. ಬರೆದೆವು ಅನ್ನುವುದಕ್ಕಿಂತ ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವಿದೆವು ಅನ್ನಬೇಕು. ಅದರಲ್ಲಿ ಸಾಬೇಲ ಎಂಬ ಅಡಿಗೆಯವಳೊಬ್ಬಳಿದ್ದಳು. ನಾಲ್ಕು ಜನ ಅವಳನ್ನು ಕೊಲ್ಲಲು ನೋಡಿದೆವು. ಐದನೆಯವಳು ಅವಳನ್ನು ಕೊನೆಯ ಪುಟದವರೆಗೆ ಬದುಕಿಸಿಯೇ ತೀರುತ್ತೇನೆಂದು ಹಟ ಹಿಡಿದಿದ್ದಳು. ಆ ಜಗಳದಲ್ಲಿ ನಾನು ಕೊಲ್ಲುವವರ ಪಕ್ಷದಲ್ಲಿದ್ದೆ. ಮುಚ್ಚಿಡುವುದೇನಿದೆ.

ನನ್ನದು ದಾಂಡೇಲಿಯಲ್ಲಿ, ಬಂಗೂರನಗರಕ್ಕೆ ಹೋಗುವ ದಾರಿಯಲ್ಲಿ, ಒಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅಫಿಡವಿಟ್ಟು, ಕಾಲೇಜು ಹುಡುಗರ ಪ್ರಾಜೆಕ್ಟು, ಇವನ್ನೆಲ್ಲ ಟೈಪ್ ಮಾಡಿಕೊಡುವುದು ಇಪ್ಪತ್ತು ವರ್ಷದಿಂದ ನನ್ನ ಕಸುಬು. ಹಳಿಯಾಳದಲ್ಲಿ ಒಂದು ದಿನದ ಕಥಾ ಶಿಬಿರ ನಡೆದಾಗ ನಲವತ್ತು ಜನ ಬಂದಿದ್ದರು. ಮಧ್ಯಾಹ್ನದ ಊಟ ಮುಗಿದ ಮೇಲೆ ಹತ್ತು ಜನ ಉಳಿದರು. ಮುಂದಿನ ತಿಂಗಳೂ ಸೇರೋಣ ಎಂದಾಗ ಐದು ಜನ ಉಳಿದೆವು. ಕಂಪ್ಯೂಟರು ನನ್ನದೇ ಆದ್ದರಿಂದ ಸಂಪಾದಕಿಯ ಪಟ್ಟವನ್ನು ನನ್ನ ತಲೆಗೆ ಕಟ್ಟಿದರು. ಯಾಕಾದರೂ ಒಪ್ಪಿಕೊಂಡೆನೋ.

ಐದು ಜನರಲ್ಲಿ ಹಿರಿಯರು ದೇಸಾಯರು. ಊರಿನ ಕಾಗದ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಬರೆಯುವುದು ಪತ್ತೇದಾರಿ ಕಥೆ ಮಾತ್ರ. ಮೊದಲ ಪುಟದಲ್ಲೇ ಹೆಣ ಬೀಳದಿದ್ದರೆ ಅವರಿಗೆ ಪೆನ್ನು ಮುಂದಕ್ಕೆ ಓಡುವುದಿಲ್ಲ. ಜೋಯಿಡಾದ ದೇವಿದಾಸ ಕಾಡಿನಂಚಿನಲ್ಲಿ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುತ್ತಾನೆ, ಮನೆಮಾತು ಕೊಂಕಣಿ. ಅವನು ಬರೆಯುವುದು ದೆವ್ವದ ಕಥೆ, ದೆವ್ವ ಇಲ್ಲದಿದ್ದರೆ ಕಾಡುಪ್ರಾಣಿ. ಹಳಿಯಾಳದ ಮಹಾಂತೇಶಣ್ಣನದು ಬಟ್ಟೆ ಅಂಗಡಿ. ಆಳು ಗಟ್ಟಿಮುಟ್ಟು, ಮೀಸೆ ಹುರಿಗಟ್ಟಿದ್ದು, ಹಣೆ ತುಂಬ ವಿಭೂತಿ, ಬರೆಯುವುದು ಕಣ್ಣೀರಿನ ಪ್ರೇಮಕಥೆ. ಅವನ ನಾಯಕಿ ಬಾಗಿಲಲ್ಲಿ ಕಾಣಿಸಿಕೊಂಡರೆ ಅವಳ ಸೀರೆಯ ದಡಿ, ಸೆರಗು, ಬಣ್ಣ ಮುಗಿದು ಮುಖ ಬರುವಷ್ಟರಲ್ಲಿ ಎರಡು ಪುಟ ಮುಗಿದಿರುತ್ತದೆ.

ಐದನೆಯವಳು ಲೂಸಿಯಾ. ಮುಂಡಗೋಡದಾಚೆ ಸಿದ್ದಿಯರ ಹಳ್ಳಿಯೊಂದರವಳು, ಊರಿನ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಾಳೆ. ಹೆಡ್‌ಮಾಸ್ತರರು "ನಮ್ಮ ಲೂಸಿಯಾ ಭಾಳ ಚಂದ ಬರೀತಾಳ" ಎಂದು ಶಿಬಿರಕ್ಕೆ ಕಳಿಸಿದ್ದರು. ನೀವು ಯಾವ ಬಗೆಯ ಕಥೆ ಬರೆಯುತ್ತೀರಿ ಎಂದು ಕೇಳಿದ್ದಕ್ಕೆ, "ಯಾವ ಬಗೀನೂ ಅಲ್ರಿ. ಮುಂಜಾನಿ ಏನಾತು, ಸಂಜಿಗೆ ಏನಾತು, ಅಷ್ಟ" ಅಂದಳು. ದೇಸಾಯರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನೂ ಹಾರಿಸಿದೆ.

ರಿಲೇ ಕಾದಂಬರಿಯ ಐಡಿಯಾ ದೇವಿದಾಸನದು. ಒಂದೇ ಕಥೆ, ಒಬ್ಬೊಬ್ಬರು ಒಂದೊಂದು ಅಧ್ಯಾಯ, ಅವರವರ ಬಗೆಯಲ್ಲಿ. ವಾಟ್ಸಾಪಿನಲ್ಲಿ ಮಾಡೋಣವೆಂದರೆ ಅವನ ಊರಿನಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು, ದೇಸಾಯರಿಗೆ ಫೋನಿನಲ್ಲಿ ಒಂದು ಸಾಲು ಬರೆಯಲು ಅರ್ಧ ತಾಸು. ಕಡೆಗೆ ದಪ್ಪ ರಟ್ಟಿನ ಲಾಂಗ್ ಬುಕ್ ಒಂದನ್ನು ತಂದೆ. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಅದು ಊರೂರು ತಿರುಗುವುದೆಂದಾಯಿತು. ನಮ್ಮ ಕಡೆ ಊಟದ ಡಬ್ಬಿಯಿಂದ ಹಿಡಿದು ಎಮ್ಮೆಯ ಔಷಧದವರೆಗೆ ಎಲ್ಲವೂ ಹೀಗೇ ಓಡಾಡುತ್ತದೆ. ದಾಂಡೇಲಿಯಿಂದ ಜೋಯಿಡಾ, ಅಲ್ಲಿಂದ ಹಳಿಯಾಳ, ಆಮೇಲೆ ಮುಂಡಗೋಡ, ತಿರುಗಿ ನನ್ನ ಅಂಗಡಿ. ತಿಂಗಳಿಗೆ ಒಂದು ಸುತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ನಾಲ್ಕು ಸುತ್ತು, ಕೊನೆಯ ಅಧ್ಯಾಯ ನನ್ನದು, ರಾಜ್ಯೋತ್ಸವಕ್ಕೆ ಪುಸ್ತಕ ಬಿಡುಗಡೆ. ನಿಯಮ ಒಂದೇ. ಹಿಂದಿನವರು ಬರೆದದ್ದನ್ನು ಯಾರೂ ಹೊಡೆದುಹಾಕುವಂತಿಲ್ಲ, ಮುಂದಕ್ಕೆ ಬರೆಯಬಹುದು ಅಷ್ಟೆ. ಈ ನಿಯಮ ಮಾಡಿದವಳು ನಾನು. ಅದನ್ನು ಲಾಂಗ್ ಬುಕ್ಕಿನ ಮೊದಲ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಎರಡು ಗೀಟನ್ನೂ ಎಳೆದಿದ್ದೆ.

ಮೊದಲ ಸುತ್ತು ಮುಗಿಸಿ ಪುಸ್ತಕ ನನ್ನ ಕೈಗೆ ಬಂದಾಗ ಅದರ ಅಂಚೆಲ್ಲ ನೆನೆದು ಉಬ್ಬಿತ್ತು. ದೇಸಾಯರು ಕಾಳಿ ನದಿಯ ದಂಡೆಯ ಮೇಲೊಂದು ಹಳೆಯ ಬಂಗಲೆ ಕಟ್ಟಿ, ಅದರ ಹಜಾರದಲ್ಲೊಂದು ಹೆಣ ಕೆಡವಿ, ಇನ್‌ಸ್ಪೆಕ್ಟರ್ ವಿಕ್ರಮನನ್ನು ಜೀಪಿನಿಂದ ಇಳಿಸಿದ್ದರು. ದೇವಿದಾಸ ಮಹಡಿಯ ಮೇಲೆ ಗೆಜ್ಜೆಯ ಸದ್ದು ಕೇಳಿಸಿದ್ದ. ಆ ಗೆಜ್ಜೆ ದೆವ್ವದ್ದಲ್ಲ, ಬಂಗಲೆಯ ಯಜಮಾನನ ಮಗಳು ಚಂದನಾಳದು ಎಂದು ಮಹಾಂತೇಶಣ್ಣ ಹೇಳಿ, ಅವಳಿಗೆ ಗೋಮಿ ದಡಿಯ ಇಳಕಲ್ ಸೀರೆ ಉಡಿಸಿ, ವಿಕ್ರಮನ ಎದೆ ಹಾರಿಸಿದ್ದ. ಇಲ್ಲಿಯವರೆಗೆ ಸರಿ. ಆಮೇಲೆ ಲೂಸಿಯಾಳ ಅಧ್ಯಾಯ. ಬಂಗಲೆಯ ಅಡಿಗೆಮನೆಯಲ್ಲಿ ಸಾಬೇಲ ಎಂಬ ಹೆಂಗಸು ಇದ್ದಾಳೆ, ವಯಸ್ಸು ಇಪ್ಪತ್ನಾಲ್ಕು. ಎದ್ದಳು. ಹಸಿ ಕಟ್ಟಿಗೆ ಊದಿ ಊದಿ ಒಲೆ ಹಚ್ಚಿದಳು. ಹೊಳೆಗೆ ಹೋಗಿ ನೀರು ತಂದಳು. ಅಕ್ಕಿಯಲ್ಲಿ ಕಲ್ಲು ಆರಿಸಿದಳು. ಇನ್‌ಸ್ಪೆಕ್ಟರನ ಮೀಸೆ ನೋಡಿ ಒಬ್ಬಳೇ ನಕ್ಕಳು. ಎಲ್ಲರಿಗೂ ನೀಡಿದಳು. ಪಾತ್ರೆ ತೊಳೆದಳು. ಮುಗಿಯಿತು!

ಐದು ಪುಟ ಓದಿ ನಾನು ಹಣೆ ಚಚ್ಚಿಕೊಂಡೆ. ಹೆಣ ಹಜಾರದಲ್ಲಿ ಬಿದ್ದಿದೆ, ಈ ಪುಣ್ಯಾತ್ಗಿತ್ತಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಳೆ. ಕಥೆ ಒಂದು ಗೇಣೂ ಮುಂದೆ ಹೋಗಿಲ್ಲ. ಫೋನು ಮಾಡಿ ನಯವಾಗಿಯೇ ಹೇಳಿದೆ. "ಸಾಬೇಲ ಕಥಿಗೆ ಏನ ಮಾಡ್ತಾಳರೀ ಲೂಸಿಯಾ?"

"ಅಡಿಗಿ ಮಾಡ್ತಾಳಲ್ರಿ ಅಕ್ಕಾರ" ಅಂದಳು.

ಎರಡನೆಯ ಸುತ್ತಿಗೆ ದೇಸಾಯರೇ ಇದಕ್ಕೊಂದು ಗತಿ ಕಾಣಿಸಿದರು. ಯಜಮಾನನಿಗೆಂದು ಯಾರೋ ವಿಷ ಬೆರೆಸಿಟ್ಟ ಚಹಾವನ್ನು ಸಾಬೇಲ ಕುಡಿದು ಒಲೆಯ ಪಕ್ಕ ಕೊನೆಯುಸಿರೆಳೆದಳು. ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು ಅವರೇ ವಿವರಿಸಿದರು. "ಎರಡನೇ ಹೆಣಾ ಬೇಕಾಗಿತ್ತು ವಿಜಕ್ಕ. ಯಜಮಾನನ್ನ ಕೊಂದ್ರ ಆಸ್ತಿ ಗೊಂದಲಾ ಆಗ್ತೈತಿ, ಚಂದನಾನ್ನ ಕೊಂದ್ರ ಮಾಂತೇಶ ಬಿಡಂಗಿಲ್ಲ. ಅಡಿಗಿ ಮಾಡಾಕಿ ಹೋದ್ರ ಯಾರಿಗೂ ತ್ರಾಸಿಲ್ಲ."

ನನಗೂ ತ್ರಾಸಿರಲಿಲ್ಲ. ನಿಜ ಹೇಳಬೇಕೆಂದರೆ ಹಾಯೆನಿಸಿತ್ತು. ದೇವಿದಾಸ ಅವಳನ್ನು ದೆವ್ವವಾಗಿಸಿ ಹುಣಸೆಮರಕ್ಕೆ ಹತ್ತಿಸಿದ. ಮಹಾಂತೇಶಣ್ಣ ಚಂದನಾಳಿಂದ ಒಂದು ಪುಟದ ತುಂಬ ಕಣ್ಣೀರು ಹಾಕಿಸಿದ. ಪುಸ್ತಕ ಮುಂಡಗೋಡಕ್ಕೆ ಹೋಯಿತು. ತಿರುಗಿ ಬಂದಾಗ ನೋಡುತ್ತೇನೆ, ಸಾಬೇಲ ಸತ್ತೇ ಇರಲಿಲ್ಲ. ಚಹಾದಲ್ಲಿದ್ದದ್ದು ಅರ್ಧಂಬರ್ಧ ವಿಷವಂತೆ. ಆಸ್ಪತ್ರೆಯ ನರ್ಸಮ್ಮ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದಳಂತೆ. ಹುಣಸೆಮರದ ಮೇಲಿದ್ದದ್ದು ಗೂಬೆಯಂತೆ. ಸಾಬೇಲ ಬಸ್ಸಿಳಿದು ಬಂದು ಸೀದಾ ಒಲೆ ಹಚ್ಚಿದಳು. ಅಷ್ಟು ಸಾಲದ್ದಕ್ಕೆ ಕೊನೆಯಲ್ಲಿ ಒಂದು ಸಾಲು ಇತ್ತು: "ಆಗ ಅವಳಿಗೆ ಮೂವತ್ತೆರಡು ವರ್ಷ."

ಹೋದ ತಿಂಗಳು ಇಪ್ಪತ್ನಾಲ್ಕು, ಈ ತಿಂಗಳು ಮೂವತ್ತೆರಡು! ಬಂಗಲೆಯ ಕಥೆಯಲ್ಲಿ ಕಳೆದದ್ದು ನಾಲ್ಕು ದಿನ. ವಿಕ್ರಮನ ಗಡ್ಡ ಕೂಡ ಬೆಳೆದಿಲ್ಲ. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ "ವಯಸ್ಸು ತಪ್ಪು!" ಎಂದು ಬರೆದೆ. ಮರುದಿನ ಫೋನೂ ಮಾಡಿದೆ. ಆಕೆ ಎಲ್ಲ ಕೇಳಿಸಿಕೊಂಡು, "ತಪ್ಪಿಲ್ರಿ ಅಕ್ಕಾರ, ಲೆಕ್ಕಾ ಹಾಕೇ ಬರದೇನಿ" ಅಂದಳು. ಹಿಂದೆ ಶಾಲೆಯ ಮಕ್ಕಳ ಗದ್ದಲ ಕೇಳಿಸುತ್ತಿತ್ತು, ಸಾರು ಉಕ್ಕುತ್ತಿದೆಯೆಂದು ಫೋನಿಟ್ಟಳು.

ಜುಲೈ ಕೊನೆಯಲ್ಲಿ ಮಳೆ ಹುಚ್ಚೆದ್ದು ಹೊಡೆಯಿತು. ಕರೆಂಟು ಹೋದರೆ ಎರಡು ದಿನ ಬರುತ್ತಿರಲಿಲ್ಲ. ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿ ಕೆಂಪಾಗಿ ಹರಿಯುತ್ತಿತ್ತು. ಅಂಗಡಿಯಲ್ಲಿ ಕೀಬೋರ್ಡಿನ ಸಂದಿಯಲ್ಲೂ ಬೂಸಲು ಹಿಡಿದಿತ್ತು. ಅಂಥದರಲ್ಲಿ ಪುಸ್ತಕ ಮಾತ್ರ ಬಿಡದೆ ತಿರುಗಿತು. ಹಳಿಯಾಳ–ಮುಂಡಗೋಡ ಬಸ್ಸಿನ ಕಂಡಕ್ಟರನೊಬ್ಬ ಅದನ್ನು ದಾರಿಯಲ್ಲಿ ಓದುತ್ತಿದ್ದನೆಂದು ನನಗೆ ಗೊತ್ತಾದದ್ದು ಆಗಲೇ. ಒಂದು ದಿನ ಅವನೇ ಫೋನು ಮಾಡಿದ. "ಅಕ್ಕಾರ, ಈ ಸಲ ಆ ಅಡಿಗಿ ಬಾಯಿನ್ನ ಕರಿ ಚಿರತಿ ಹೊತ್ಕೊಂಡ ಹೋಗೇತ್ರಿ. ಇದೇನ್ ಚಲೋ ಆಗಲಿಲ್ಲ ನೋಡ್ರಿ."

ಅದು ದೇವಿದಾಸನ ಕೆಲಸ. ತನ್ನ ದೆವ್ವವನ್ನು ಗೂಬೆ ಮಾಡಿದ್ದಕ್ಕೆ ಅವನಿಗೆ ಸಿಟ್ಟು ಬಂದಿತ್ತು. ಮೂರನೆಯ ಸುತ್ತಿನಲ್ಲಿ ಕಟ್ಟಿಗೆ ತರಲು ಹೋದ ಸಾಬೇಲಳನ್ನು ಚಿರತೆಯ ಬಾಯಿಗೆ ಕೊಟ್ಟಿದ್ದ. "ಹೆ ಬಾಯೀಚೆಂ ಆಮ್ಕಾಂ ಕಾಮ್ ನಾ" ಎಂದು ಕೊಂಕಣಿಯಲ್ಲೇ ಶುರು ಮಾಡಿ, ನನಗೆ ತಿಳಿಯಲಿ ಎಂದು ಕನ್ನಡಕ್ಕೆ ಬಂದ. "ಆಕೀದು ಕೆಲಸ ಇಲ್ಲ ಅಕ್ಕ ಕಥಿಯೊಳಗೆ. ಚಿರತಿಗಾದ್ರೂ ಉಪಯೋಗ ಆಗಲಿ."

ಲೂಸಿಯಾ ಬಿಟ್ಟಳೇ? ಚಿರತೆ ಹೊತ್ತೊಯ್ದದ್ದು ಅವಳ ಕಂಬಳಿಯನ್ನು. ಕಂಬಳಿಯೊಳಗೆ ಅವಳಿರಲಿಲ್ಲ, ಮರದ ಮೇಲಿದ್ದಳು. ಇಳಿದು ಬಂದು ಕಟ್ಟಿಗೆ ಹೊತ್ತಳು, ಒಲೆ ಹಚ್ಚಿದಳು, ನೀಡಿದಳು, ತೊಳೆದಳು. ವಯಸ್ಸು ನಲವತ್ತು. ನಾಲ್ಕನೆಯ ಸುತ್ತಿನಲ್ಲಿ ಮಹಾಂತೇಶಣ್ಣ, ದೋಣಿ ಮಗುಚಿ ನೀರಿಗೆ ಬಿದ್ದ ಚಂದನಾಳನ್ನು ಉಳಿಸಲು ಸಾಬೇಲಳನ್ನು ಕಾಳಿಗೆ ಹಾರಿಸಿ ಮುಳುಗಿಸಿದ. ಅದನ್ನು ಬರೆಯುವಾಗ ತನಗೇ ಅಳು ಬಂತೆಂದು ಫೋನಿನಲ್ಲಿ ಮೂಗು ಸೀಟಿದ. "ತ್ಯಾಗ ಅಂದ್ರ ಹಿಂಗಿರಬೇಕ ನೋಡವಾ ವಿಜಕ್ಕ." ಲೂಸಿಯಾಳ ಅಧ್ಯಾಯದಲ್ಲಿ ಸಾಬೇಲ ಒಂದು ಹರದಾರಿ ಕೆಳಗೆ ಬಿದಿರುಮೆಳೆ ಹಿಡಿದು ದಡ ಹತ್ತಿದಳು. ಸೀರೆ ಹಿಂಡಿಕೊಂಡಳು. ತಲೆಯಲ್ಲಿ ಬಿಳಿಕೂದಲು ಕಂಡಿದ್ದವು. ನಲವತ್ತಾರು.

ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. ಹಗಲೆಲ್ಲ ಅಫಿಡವಿಟ್ಟು ಹೊಡೆದು, ಸಿಕ್ಕ ಸಮಯದಲ್ಲಿ ಈ ನಾಲ್ವರ ಅಕ್ಷರವನ್ನು ಬಿಡಿಸಿ ಬಿಡಿಸಿ ಟೈಪ್ ಮಾಡುವವಳು ನಾನು. ಇನ್‌ಸ್ಪೆಕ್ಟರನಿಗೆ ಕೊಲೆಗಾರ ಸಿಕ್ಕಿಲ್ಲ, ಚಂದನಾ ಇನ್ನೂ ಸೀರೆ ಬದಲಿಸುತ್ತಿದ್ದಾಳೆ, ದೆವ್ವ ಯಾವುದು ಗೂಬೆ ಯಾವುದು ತಿಳಿಯದು, ಅಡಿಗೆಯವಳೊಬ್ಬಳಿಗೆ ಮಾತ್ರ ನಾಲ್ಕು ತಿಂಗಳಿಗೆ ಇಪ್ಪತ್ತೆರಡು ವರ್ಷ ತುಂಬಿವೆ. ಈ ಗೊಂದಲವನ್ನು ಹೊಂದಿಸಿ ಮುಗಿಸುವುದು ಬ್ರಹ್ಮನಿಂದಲೂ ಆಗದ ಮಾತು. ಅಕ್ಟೋಬರಿನ ಮೊದಲ ವಾರ ಕೂತು ಮೂರೇ ಪುಟದಲ್ಲಿ ಕೊನೆಯ ಅಧ್ಯಾಯ ಬರೆದೆ. ಬಂಗಲೆಗೆ ಬೆಂಕಿ ಬಿತ್ತು. ವಿಕ್ರಮ, ಚಂದನಾ, ಯಜಮಾನ, ಕೊಲೆಗಾರ, ದೆವ್ವ, ಎಲ್ಲ ಸುಟ್ಟು ಬೂದಿಯಾದರು. ಕೊನೆಯ ಸಾಲಿಗೆ, "ಆ ಮನೆಯಿಂದ ಒಂದು ಜೀವವೂ ಹೊರಗೆ ಬರಲಿಲ್ಲ" ಎಂದು ಬರೆದು ಪೂರ್ಣವಿರಾಮ ಇಟ್ಟೆ. ಪೆನ್ನಿನ ಮೊನೆ ಹಾಳೆಗೆ ತೂತು ಹಾಕಿತು. ಎಷ್ಟು ಸುಖವಾಯಿತೆಂದರೆ ಎದ್ದು ಹೋಗಿ ಎದುರಿನ ಹೋಟೆಲಿನಲ್ಲಿ ಬಿಸಿ ಮಿರ್ಚಿ ತಿಂದು ಬಂದೆ.

ಪ್ರೆಸ್ಸಿಗೆ ಕೊಡುವ ಮುಂಚೆ ಎಲ್ಲರೂ ಒಮ್ಮೆ ಓದಿ ಸಹಿ ಹಾಕಲಿ ಎಂದುಕೊಂಡೆ. ನಿಧಾನವಾಗಿ ಓದುವವಳು ಲೂಸಿಯಾ ಎಂದು ಮೊದಲು ಆಕೆಗೇ ಕಳಿಸಿದೆ. ಜೊತೆಗೊಂದು ಚೀಟಿ: "ಓದಿ ಸಹಿ ಹಾಕಿರಿ. ಏನೂ ಬರೆಯಬೇಡಿರಿ."

ಮೂರನೆಯ ದಿನ ಮಧ್ಯಾಹ್ನ ಆಕೆಯೇ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಹಳ್ಳಿಯಿಂದ ಮುಂಡಗೋಡ, ಅಲ್ಲಿಂದ ಹಳಿಯಾಳ, ಆಮೇಲೆ ದಾಂಡೇಲಿ, ಮೂರು ಬಸ್ಸು ಬದಲಿಸಿ ಬಂದಿದ್ದಳು. ಹಿಂದಿನ ಮಳೆಯ ಸೊಕ್ಕು ಇಳಿದಿದ್ದರೂ ಆ ದಿನ ಜಡಿ ಹಿಡಿದಿತ್ತು. ಕೊಡೆ ಮಡಚಿ ಹೊರಗಿಟ್ಟು, ಸೆರಗಿನೊಳಗಿನಿಂದ ಲಾಂಗ್ ಬುಕ್ ತೆಗೆದು ಟೇಬಲ್ಲಿನ ಮೇಲಿಟ್ಟಳು. ಪುಸ್ತಕ ಒಣಗಿಯೇ ಇತ್ತು. ಸಹಿ ಹಾಕಿರಲಿಲ್ಲ.

"ನಾ ಇದನ್ನ ಒಪ್ಪಂಗಿಲ್ರಿ" ಅಂದಳು.

ನನಗೆ ರೇಗಿತು. "ಯಾಕ್ರಿ ಒಪ್ಪಂಗಿಲ್ಲ? ಎಲ್ಲಾರೂ ಸತ್ತಾರ. ನಿಮ್ಮಾಕಿ ಒಬ್ಬಾಕಿ ಅಲ್ಲಲ್ಲ. ಕಥಿ ಅಂದ ಮ್ಯಾಲ ಮುಗೀಬೇಕೋ ಬ್ಯಾಡೋ? ನಾಲ್ಕ ತಿಂಗಳಾತು ಆಕಿ ಒಲೀ ಊದಾಕತ್ತಿ. ಆಕಿ ಏನ ನಿಮ್ಮ ಸ್ವಂತ ಅಕ್ಕ ಏನು?"

"ಹೌದ್ರಿ" ಅಂದಳು ಲೂಸಿಯಾ.

ಆಕೆ ಸ್ಟೂಲು ಎಳೆದುಕೊಂಡು ಕೂತಳು. ಅಳಲಿಲ್ಲ. ಬಸ್ಸಿನ ಟೈಮು ಹೇಳುವವರ ಹಾಗೆ ಹೇಳಿದಳು. ಸಾಬೇಲ ಆಕೆಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ಕೂಲಿಗೆ ಹೋದರೆ ತಂಗಿಯನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳೇ. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಒಲೆಯ ಮುಂದೆ ಬೂದಿ ಹರವಿ ಅದರಲ್ಲಿ ತಂಗಿಗೆ ಅಕ್ಷರ ತಿದ್ದಿಸಿದಳು. ಇಪ್ಪತ್ನಾಲ್ಕನೇ ವಯಸ್ಸಿಗೆ, ಒಂದು ಮಳೆಗಾಲದಲ್ಲಿ, ಜ್ವರ ಬಂತು. ಬಾಗಿಲ ಹಲಗೆಯ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತು ರಸ್ತೆಗೆ ತಂದರು. ಹಳ್ಳ ಇಳಿಯಲೆಂದು ಕಾದರು. ಇಳಿಯಲಿಲ್ಲ.

"ಫೋಟೋ ಇಲ್ರಿ ಆಕೀದು. ಯಾರ ತಗೀಬೇಕಿತ್ತು? ರೇಷನ್ ಕಾರ್ಡಿನ್ಯಾಗ ಹೆಸರಿತ್ತು. ಮುಂದಿನ ವರ್ಷ ಅದಕ್ಕೂ ಗೀಟ ಎಳದ್ರು. ಈಗ ಆಕಿ ಹೆಸರ ಎಲ್ಲೂ ಇಲ್ಲ, ನನ್ನ ಬಾಯಾಗ, ನಮ್ಮವ್ವನ ಬಾಯಾಗ ಅಷ್ಟ. ನೀವು ಮೊದಲಿಗೇ ಅಂದ್ರಿ, ಈ ಬುಕ್ಕಿನ್ಯಾಗ ಬರದದ್ದನ್ನ ಯಾರೂ ಹೊಡದ ಹಾಕಂಗಿಲ್ಲ ಅಂತ. ಕೆಂಪ ಶಾಯಿಲೆ ಬರದಿದ್ರಿ. ಅದಕ್ಕ ಆಕೀನ ಇಲ್ಲಿ ತಂದ ಇಟ್ಟೆ."

ಮಳೆಯ ಎರಚಲು ಒಳಗೆ ಬರುತ್ತಿತ್ತು. ಎದ್ದು ಬಾಗಿಲು ಅರ್ಧ ಎಳೆದೆ. "ಮತ್ತ ವಯಸ್ಸು?" ಎಂದೆ. ಸಂಪಾದಕಿಯ ಬುದ್ಧಿ, ಅಂಥ ಹೊತ್ತಿನಲ್ಲೂ ಅದೇ ಕೇಳಿದ್ದು.

"ಇದ್ದಿದ್ರ ಈಗ ಐವತ್ತೆಂಟ್ರಿ. ಸುತ್ತಿಗೆ ಎಂಟೆಂಟ ವರ್ಷ ಬೆಳಸ್ಕೋತ ಬಂದೆ. ಕಡೀ ಸುತ್ತಿನ್ಯಾಗ ಹೊಳ್ಯಾಗಿಂದ ಎತ್ತೂದರಾಗ ಪುಟಾ ಮುಗದ್ವು, ಆರ ವರ್ಷಕ್ಕ ನಿಂತ್ಳು. ಇನ್ನ ಹನ್ನೆರಡ ಉಳದಾವು. ಆಕಿ ಮುದುಕಿ ಆಗೂದನ್ನ ಒಮ್ಮೆ ನೋಡಬೇಕಾಗಿತ್ರಿ. ಅಷ್ಟರಾಗ ನೀವು ಬೆಂಕಿ ಹಚ್ಚಿದ್ರಿ."

ನನಗೆ ನನ್ನ ಮೇಲೇ ಹೇಸಿಗೆ ಬಂತು. ಸುಳ್ಳೇಕೆ, ದೇಸಾಯರ ಮೇಲೆ, ದೇವಿದಾಸನ ಮೇಲೆ, ಮಹಾಂತೇಶಣ್ಣನ ಮೇಲೂ ಬಂತು. ಯಾರನ್ನಾದರೂ ಕೊಲ್ಲಬೇಕಾದಾಗ ನಾವು ಒಬ್ಬರನ್ನೊಬ್ಬರು ಕೇಳದೆಯೇ ಒಬ್ಬಳನ್ನೇ ಆರಿಸಿದ್ದೆವಲ್ಲ. ವಿಷಕ್ಕೂ ಅವಳೇ, ಚಿರತೆಗೂ ಅವಳೇ, ಹೊಳೆಗೂ ಅವಳೇ. ಕೊನೆಯ ಮೂರು ಹಾಳೆಯನ್ನು ಹರಿಯಲು ಕೈ ಹಾಕಿದೆ.

ಲೂಸಿಯಾ ನನ್ನ ಕೈ ಹಿಡಿದಳು. "ಬ್ಯಾಡ್ರಿ. ಹರದ್ರ ಹೊಡದ ಹಾಕಿದಂಗ ಆಗ್ತೈತಿ. ನೀವು ಬರದದ್ದು ಇರಲಿ. ಪೆನ್ನ ಕೊಡ್ರಿ."

ಕೊಟ್ಟೆ. ನನ್ನ ಪೂರ್ಣವಿರಾಮದ ತೂತಿನ ಪಕ್ಕದಿಂದಲೇ ಶುರು ಮಾಡಿದಳು. ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆಯುತ್ತಿದ್ದಳು. ಒಂದು ತಾಸಿಗೆ ಅರ್ಧ ಪುಟವಾಯಿತು. ಬೆಂಕಿ ಬಿದ್ದ ದಿನ ಸಾಬೇಲ ಆ ಮನೆಯಲ್ಲಿರಲೇ ಇಲ್ಲ. ಅದಕ್ಕೆ ಹನ್ನೆರಡು ವರ್ಷ ಮುಂಚೆಯೇ ಕೆಲಸ ಬಿಟ್ಟು ಊರಲ್ಲಿ ಗುಡಿಸಲು ಹಾಕಿಕೊಂಡಿದ್ದಳು. ಸುದ್ದಿ ಕೇಳಿ ನೋಡಲು ಬಂದಳು. ಕಪ್ಪಾದ ಗೋಡೆಗಳನ್ನು ನೋಡಿದಳು. ಎಲ್ಲರಿಗೂ ನೀಡಿದ್ದ ಅಡಿಗೆಮನೆ ಇದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಬೂದಿ ಕೆದಕಿ ಒಂದು ಕೆಂಡ ಹುಡುಕಿ, ತೆಂಗಿನ ಚಿಪ್ಪಿನಲ್ಲಿ ಹಾಕಿಕೊಂಡು, ಊದುತ್ತ ಊದುತ್ತ ಮನೆಗೆ ತಂದು ತನ್ನ ಒಲೆ ಹಚ್ಚಿಕೊಂಡಳು. ಆಗ ಅವಳಿಗೆ ಐವತ್ತೆಂಟು ವರ್ಷ.

ನಾನು ಒಂದಕ್ಷರ ತಿದ್ದದೆ ಟೈಪ್ ಮಾಡಿದೆ. ಉಳಿದವರಿಗೆ ಪುಸ್ತಕ ಕಳಿಸಲೇ ಇಲ್ಲ, ಸೀದಾ ಪ್ರೆಸ್ಸಿಗೆ ಕೊಟ್ಟೆ.

ರಾಜ್ಯೋತ್ಸವದ ದಿನ ಬಿಡುಗಡೆಯ ವೇದಿಕೆಯ ಮೇಲೆಯೇ ರಗಳೆ ಎದ್ದಿತು. ದೇಸಾಯರು ಕೊನೆಯ ಪುಟ ತೆರೆದು ನೋಡಿ ಮೈಕಿನ ಮುಂದೆಯೇ, "ಏ ವಿಜಕ್ಕ, ನನ್ನ ವಿಕ್ರಮನ್ನ ಸುಟ್ಟಿ?" ಎಂದು ಕೂಗಿದರು. ಮಹಾಂತೇಶಣ್ಣ ಚಂದನಾಳ ಕೊನೆಯ ಸೀರೆ ಯಾವುದೆಂದಾದರೂ ಬರೆಯಬೇಕಿತ್ತೆಂದು ಎರಡು ತಿಂಗಳು ಮಾತು ಬಿಟ್ಟ. ದೆವ್ವವನ್ನು ಬೆಂಕಿಯಲ್ಲಿ ಸುಡುವುದು ಶಾಸ್ತ್ರಕ್ಕೇ ವಿರುದ್ಧವೆಂದು ದೇವಿದಾಸನ ತಕರಾರು. ನಾನು ಕಾರಣ ಹೇಳಲು ಹೋಗಲಿಲ್ಲ. ಹೇಳುವುದಿದ್ದರೆ ಲೂಸಿಯಾ ಹೇಳಬೇಕು. ಆಕೆ ಬಂದಿರಲಿಲ್ಲ, ಅವ್ವನಿಗೆ ಮೊಣಕಾಲು ಬಾತಿತ್ತಂತೆ.

ಮುಂದಿನ ಭಾನುವಾರ ಆಕೆಯ ಪಾಲಿನ ಪ್ರತಿಗಳನ್ನು ಕಂಡಕ್ಟರನ ಕೈಗೆ ಕೊಡದೆ, ನಸುಕಿನ ಬಸ್ಸು ಹತ್ತಿ ನಾನೇ ಒಯ್ದೆ. ಮುಂಡಗೋಡದ ಗದ್ದೆಗಳಲ್ಲಿ ಭತ್ತ ಬಾಗಿತ್ತು. ಮನೆಯ ಜಗುಲಿಯ ಮೇಲೆ ಲೂಸಿಯಾಳ ಅವ್ವ ಕಾಲು ನೀಡಿ ಕೂತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಕಣ್ಣಿಗೆ ಪೊರೆ. ಪುಸ್ತಕವನ್ನು ಕೈಯಲ್ಲಿ ಹಿಡಿದು, ಎರಡೂ ಬದಿ ಸವರಿ, ನನ್ನ ಕಡೆ ಚಾಚಿದಳು. "ಓದ."

"ಸಾಬೇಲನ ಭಾಗ ಅಷ್ಟ ಓದ್ಲೇನಬೇ?"

"ಎಲ್ಲಾ ಓದ. ನಡಕ ನಡಕ ಓದಿದ್ರ ಆಕಿ ಎಲ್ಲಿ ಇದ್ದಾಳು ಹೆಂಗ ಗೊತ್ತಾಗಬೇಕು?"

ಲೂಸಿಯಾ ಒಳಗೆ ಅಡಿಗೆ ಮಾಡುತ್ತಿದ್ದಳು. ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದೆ. ನನ್ನ ಜೀವಮಾನದಲ್ಲಿ ಅಷ್ಟು ಬೈಗುಳ ನಾನು ತಿಂದಿಲ್ಲ. ವಿಷದ ಚಹಾ ಬಂದಾಗ ಮುದುಕಿ, "ಇದನ್ನ ಬರದಾವ ಯಾರು?" ಎಂದಳು. ದೇಸಾಯರು ಎಂದೆ. "ಅವಂಗ ಚಾ ಯಾರು ಮಾಡಿ ಕೊಡ್ತಾರ ಮನ್ಯಾಗ? ಅವರನ್ನ ಕೊಂದಾನೇನು?" ಚಿರತೆಗೆ ದೇವಿದಾಸನ ವಂಶ ಜಾಲಾಡಿದಳು. ಹೊಳೆಗೆ ಮಹಾಂತೇಶಣ್ಣನ ಸೀರೆಗಳನ್ನೆಲ್ಲ ಹೊಳೆಗೇ ಹಾಕಿದಳು. ಬೆಂಕಿ ಬಂದಾಗ ನಾನು ಓದಿನ ವೇಗ ಹೆಚ್ಚಿಸಿದೆ. "ಇದು ಯಾರು?" ಎಂದಳು. "ನಾನು" ಎಂದೆ. ಮುದುಕಿ ಪೊರೆಗಣ್ಣನ್ನು ನನ್ನ ಕಡೆ ತಿರುಗಿಸಿ, "ಓದ" ಅಂದಳು ಅಷ್ಟೆ. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು.

ಕೆಂಡ, ತೆಂಗಿನ ಚಿಪ್ಪು, ಒಲೆ, ಐವತ್ತೆಂಟು ವರ್ಷ. ಓದಿ ಮುಗಿಸಿದೆ. ಲೂಸಿಯಾ ಬಾಗಿಲಿಗೆ ಬಂದು ನಿಂತಿದ್ದಳು.

"ಮುಂದ?" ಎಂದಳು ಮುದುಕಿ.

"ಮುಗೀತಬೇ."

"ಒಲಿ ಹಚ್ಚಿದ್ಲು. ಆಮ್ಯಾಲ ಉಂಡ್ಲೋ ಇಲ್ಲೋ?"

ನಾನು ಲೂಸಿಯಾಳ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು. ಹಾಳೆ ತಿರುವಿದೆ, ಇ‌ನ್ನೊಂದು ತಿರುವಿದೆ. ತಿರುವುವ ಅಗತ್ಯವಿರಲಿಲ್ಲ, ಪ್ರತಿ ಅಕ್ಷರವನ್ನೂ ಟೈಪ್ ಮಾಡಿದವಳು ನಾನೇ. ಅಷ್ಟು ಪುಟಗಳಲ್ಲಿ ಸಾಬೇಲ ಎಲ್ಲರಿಗೂ ನೀಡಿದ್ದಳು. ಅವಳು ಉಂಡಳು ಎಂದು ನಮ್ಮ ಐವರಲ್ಲಿ ಒಬ್ಬರೂ ಬರೆದಿರಲಿಲ್ಲ. ಲೂಸಿಯಾ ಕೂಡ.

"ಐದು ಮಂದಿ ಕೂಡಿ ಬರದೀರಿ" ಅಂದಳು ಮುದುಕಿ, ರೋಸಿಹೋದ ದನಿಯಲ್ಲಿ. "ಸಾಯಾಕ ಅಷ್ಟ ಹಾದಿ ಹುಡಿಕೀರಿ. ಒಂದ ತುತ್ತ ಹಾಕಾಕ ಆಗಲಿಲ್ಲ ನಿಮಗ?"

ಚೀಲದಿಂದ ಪೆನ್ನು ತೆಗೆದೆ. ಅಚ್ಚಾದ ಸಾಲುಗಳು ಮುಗಿದ ಕೆಳಗೆ ಬಿಳಿ ಜಾಗವಿತ್ತು. ಏನು ಬರೆಯಲಿ ಎಂದು ಮುದುಕಿಯನ್ನೇ ಕೇಳಿದೆ. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಕೆಂಪಕ್ಕಿ ಅನ್ನ. ಹೊಳೆ ಮೀನಿನ ಸಾರು. ಕೆಂಪು ಇರುವೆ ಅರೆದ ಚಿಗಳಿ ಚಟ್ನಿ, ಅದು ಅವಳಿಗೆ ಬಲು ಇಷ್ಟ. ಬರೆದದ್ದನ್ನು ಓದಿ ಹೇಳಿದೆ. ಸಾಬೇಲ ಕೈ ತೊಳೆದುಕೊಂಡು ಕೂತು ಉಂಡಳು.

ಮುದುಕಿ ಕೇಳಿಸಿಕೊಂಡಳು. ನಾನು ಪೆನ್ನಿನ ಮುಚ್ಚಳ ಹಾಕುವುದರಲ್ಲಿದ್ದೆ.

"ತಡಿ" ಅಂದಳು. "ಎರಡನೇ ಸಲ ಹಾಕ್ಕೊಂಡ್ಲು ಅಂತ ಬರಿ. ಆಕಿ ಯಾವಾಗ್ಲೂ ಹಂಗ ಅರ್ಧಾ ಹೊಟ್ಟಿಲೆ ಏಳಾಕಿ."

ಬರೆದೆ.